ಗುರುತುಪದದ ಶಿಷ್ಟಾಚಾರ: ಕುಮಾರರಾಮನ ಮರುಕಥನಗಳನ್ನು ಮುಂದಿಟ್ಟುಕೊಂಡು

ತುಂಗಭದ್ರೆಯ ದಂಡೆಯ ಕಂಪ್ಲಿ, ಕುರುಗೋಡು, ಸಿರುಗುಪ್ಪ ಸೀಮೆಗೆ ಕುಮಾರರಾಮನ ಕಥೆ ಹೊರಗಿನಿಂದ ಬಂದದ್ದಲ್ಲ. ಕಂಪಿಲರಾಯನ ರಾಜ್ಯ ದೆಹಲಿಯ ಸೈನ್ಯಕ್ಕೆ ಸಿಕ್ಕಿ 1327ರ ಸುಮಾರಿಗೆ ಅಳಿದ ಮೇಲೆ, ಅಲ್ಲಿ ಮಡಿದ ರಾಜಕುಮಾರನ ಕಥೆ ಕಾವ್ಯವಾಗಿ, ಹಾಡಾಗಿ, ಆಟವಾಗಿ, ಕೊನೆಗೆ ಚಲನಚಿತ್ರವಾಗಿ ಬೆಳೆಯುತ್ತಲೇ ಹೋಯಿತು. ಸುಮಾರು 1525ರಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಹಾಡಿದನು. ಅನಂತರ ಪಾಂಚಾಳ ಗಂಗನೂ ಅದೇ ಕಥೆಯನ್ನು ಕೈಗೆತ್ತಿಕೊಂಡನು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರ ಕಂಠದಲ್ಲಿ ಅದು ಇಪ್ಪತ್ತೊಂದನೆಯ ಶತಮಾನದವರೆಗೂ ಜೀವಂತವಾಗಿತ್ತು. 2006ರಲ್ಲಿ ‘ಗಂಡುಗಲಿ ಕುಮಾರರಾಮ’ ಎಂಬ ಹೆಸರಿನಲ್ಲಿ ತೆರೆಗೂ ಬಂದಿತು. ಇಷ್ಟು ಕೈ, ಇಷ್ಟು ಬಾಯಿ ದಾಟಿದ ಕಥೆಯೊಂದನ್ನು ಗ್ರಂಥಾಲಯದಲ್ಲಿಯೋ ಗಣಕದಲ್ಲಿಯೋ ಹುಡುಕಬೇಕಾದವನು ಯಾವ ಹೆಸರಿನಿಂದ ಹುಡುಕಬೇಕು? ‘ರಾಮನಾಥ ಚರಿತೆ’ ಎಂದೇ, ‘ಕುಮಾರರಾಮನ ಸಾಂಗತ್ಯ’ ಎಂದೇ, ‘ಪರದಾರಸೋದರ ರಾಮನ ಕಥೆ’ ಎಂದೇ? ಮೇಲುನೋಟಕ್ಕೆ ಇದು ಗ್ರಂಥಪಾಲಕನ ತಾಂತ್ರಿಕ ತೊಡಕು. ಆದರೆ ಒಂದು ಮರುಕಥನಕ್ಕೆ ಗುರುತನ್ನು ಕಟ್ಟುವವರು ಯಾರು, ಆ ಗುರುತು ಯಾರ ನೋಟವನ್ನು ಹೊತ್ತಿರುತ್ತದೆ, ಹುಡುಕುವವನ ಕಣ್ಣಿನಿಂದ ಅದು ಏನನ್ನು ಮರೆಮಾಡುತ್ತದೆ ಎಂಬ ವಿಮರ್ಶೆಯ ಪ್ರಶ್ನೆಗಳೂ ಅದರೊಳಗೇ ಇವೆ.

ಈ ಪ್ರಶ್ನೆಗಳನ್ನು ಇತ್ತೀಚಿನ ದಶಕಗಳಲ್ಲಿ ಅತ್ಯಂತ ಗಂಭೀರವಾಗಿ ಎದುರಿಸಿದವರು ವಿಶ್ವವಿದ್ಯಾಲಯಗಳ ಪಂಡಿತರಲ್ಲ, ‘ಅಭಿಮಾನಿ ಕಥನ’ಗಳ ಬರೆಹಗಾರರು ಮತ್ತು ಓದುಗರು ಎಂಬುದು ಸ್ವಲ್ಪ ಮುಜುಗರದ ಸಂಗತಿ. ಈಗಾಗಲೇ ಇರುವ ಕಾದಂಬರಿ, ಚಲನಚಿತ್ರ, ಧಾರಾವಾಹಿಗಳ ಪಾತ್ರಗಳನ್ನು ಎತ್ತಿಕೊಂಡು, ಅವುಗಳ ಮೇಲಿನ ಪ್ರೀತಿಯಿಂದಲೋ ಮುನಿಸಿನಿಂದಲೋ ಹೊಸ ಕಥೆ ಹೆಣೆಯುವ ಬರೆಹ ಇದು. ಇಂಥ ಕಥೆಗಳ ಭಂಡಾರಗಳಲ್ಲಿ 1998ರಲ್ಲಿ ಆರಂಭವಾದ ‘ಫ್ಯಾನ್‌ಫಿಕ್ಷನ್ ಡಾಟ್ ನೆಟ್’ ಹಳೆಯದು. 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ಆರ್ಕೈವ್ ಆಫ್ ಅವರ್ ಓನ್’ ಇವುಗಳಲ್ಲಿ ಹೆಚ್ಚು ಹೆಸರಾದುದು. 2019ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿ ಬಂದಾಗ ಮೊದಲ ಬಾರಿಗೆ ಸಾಹಿತ್ಯಲೋಕದ ಗಮನ ಅತ್ತ ತಿರುಗಿತು. ಅಲ್ಲಿಯ ಕಥೆಗಳ ಗುಣಮಟ್ಟದ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಆ ಕಥೆಗಳಿಗೆ ಅಂಟಿಸುವ ಗುರುತುಪದಗಳು, ಅಂದರೆ ಟ್ಯಾಗ್‌ಗಳು, ಮತ್ತು ಅವುಗಳ ಮೇಲೆ ನಿಂತ ಶೋಧದ ಜರಡಿಗಳು ಮಾತ್ರ ಇಲ್ಲಿಯ ವಿಷಯ.

ಅಲ್ಲಿಯ ವ್ಯವಸ್ಥೆ ಸ್ಥೂಲವಾಗಿ ಹೀಗಿದೆ. ಕಥೆಯನ್ನು ಸೇರಿಸುವಾಗ ಬರೆಹಗಾರರೇ ಅದರ ಮೂಲಕೃತಿ, ಪಾತ್ರಗಳು, ಪಾತ್ರಗಳ ನಡುವಿನ ಸಂಬಂಧ, ಯಾವ ವಯಸ್ಸಿನ ಓದುಗರಿಗೆ ಯೋಗ್ಯ ಎಂಬುದು, ಇವನ್ನೆಲ್ಲ ನಮೂದಿಸುತ್ತಾರೆ. ಎರಡು ಹೆಸರುಗಳ ನಡುವೆ ಓರೆಗೆರೆ ಇದ್ದರೆ ಪ್ರಣಯ, ‘ಮತ್ತು’ ಚಿಹ್ನೆ ಇದ್ದರೆ ಸ್ನೇಹ ಅಥವಾ ಬಂಧುತ್ವ. ಘೋರ ಹಿಂಸೆ, ಮುಖ್ಯಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಎಂಬ ನಾಲ್ಕು ವಿಷಯಗಳಿಗೆ ನಿಗದಿತ ಮುನ್ನೆಚ್ಚರಿಕೆಗಳಿವೆ. ಎಚ್ಚರಿಕೆ ಕೊಡಲು ಮನಸ್ಸಿಲ್ಲದವರು ‘ಎಚ್ಚರಿಕೆ ನೀಡದಿರಲು ಬರೆಹಗಾರರು ನಿರ್ಧರಿಸಿದ್ದಾರೆ’ ಎಂದು ಹೇಳಬಹುದು. ಇದು ಮೌನವಲ್ಲ. ಮೌನವಾಗಿದ್ದೇನೆ ಎಂಬುದರ ಘೋಷಣೆ. ಓದುಗರು ತಮಗೆ ಬೇಕಾದ ಗುರುತುಗಳನ್ನು ಕೂಡಿಸಿ, ಬೇಡವಾದುದನ್ನು ಕಳೆದು ಪಟ್ಟಿಯನ್ನು ಸೋಸಿಕೊಳ್ಳುತ್ತಾರೆ. ಈ ಸೋಸುವಿಕೆ ನಡೆಯಬೇಕಾದರೆ ಬರೆಹಗಾರರು ಕೆಲವು ಮರ್ಯಾದೆಗಳನ್ನು ಪಾಲಿಸಬೇಕಾಗುತ್ತದೆ. ಕಥೆಯಲ್ಲಿ ಒಮ್ಮೆ ಹಾದುಹೋಗುವ ಪಾತ್ರವನ್ನು ನಮೂದಿಸಿದರೆ, ಆ ಪಾತ್ರಕ್ಕಾಗಿಯೇ ಬಂದವರು ಮೋಸಹೋಗುತ್ತಾರೆ. ನಮೂದಿಸಬೇಕಾದುದನ್ನು ಬಿಟ್ಟರೆ ಬೇಡವೆಂದವರು ನೋಯುತ್ತಾರೆ.

ಈ ವ್ಯವಸ್ಥೆಯಲ್ಲಿ ಹೆಚ್ಚು ಗಮನಾರ್ಹವಾದುದು ಸ್ವಯಂಸೇವಕರ ಪಾತ್ರ. ಬರೆಹಗಾರರು ಮನಬಂದಂತೆ ಬರೆದ ನೂರಾರು ರೂಪದ ಗುರುತುಗಳನ್ನು ಅವರು ಒಂದು ಪ್ರಮಾಣರೂಪಕ್ಕೆ ಜೋಡಿಸುತ್ತಾರೆ. ಆದರೆ ಬರೆಹಗಾರರು ಬರೆದ ಪದವನ್ನು ಅಳಿಸುವುದಿಲ್ಲ, ತಿದ್ದುವುದಿಲ್ಲ. ಕಥೆಯ ಮೇಲೆ ಕಾಣುವುದು ಬರೆದವರ ಮಾತೇ. ಪ್ರಮಾಣರೂಪ ತೆರೆಯ ಹಿಂದೆ ನಿಂತು, ಹುಡುಕುವವರನ್ನು ಆ ಎಲ್ಲ ರೂಪಗಳತ್ತ ಒಯ್ಯುತ್ತದೆ. ಪಂಡಿತ ಪರಂಪರೆಯ ಸೂಚಿಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ವರ್ತಿಸಿವೆ. ಅಲ್ಲಿ ಸೂಚಿಕಾರನ ಪದವೇ ಮುಂದೆ, ಹಾಡಿದವರ ಪದ ಹಿಂದೆ. ಎಷ್ಟೋ ವೇಳೆ ಹಿಂದೆಯೂ ಇಲ್ಲ.

ಕುಮಾರರಾಮನ ಕಥೆಯ ತಿರುಳಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಚೆಂಡಾಟದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ. ಆತ ಒಲ್ಲೆನೆಂದಾಗ ಅವನ ಮೇಲೆಯೇ ದೂರು ಹೊರಿಸುತ್ತಾಳೆ. ಕಂಪಿಲರಾಯ ಮಗನ ತಲೆ ತೆಗೆಯಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ಮುಂದೆ ದೆಹಲಿಯ ದಂಡು ಬಂದಾಗ ರಾಮ ಹೊರಬಂದು ಹೋರಾಡಿ ಮಡಿಯುತ್ತಾನೆ. ಜಾನಪದ ವಿದ್ವಾಂಸರು ಈ ಪ್ರಸಂಗವನ್ನು ಗುರುತಿಸುವುದು ಸ್ಟಿತ್ ಥಾಮ್ಸನ್ನನ ಆಶಯ ಸೂಚಿಯ ಕೆ 2111 ಎಂಬ ಸಂಖ್ಯೆಯಿಂದ, ‘ಪೋತಿಫರನ ಹೆಂಡತಿ’ ಎಂಬ ಹೆಸರಿನಿಂದ. ಈ ಸೂಚಿಯಲ್ಲಿ ‘ಕೆ’ ಎಂಬ ಅಕ್ಷರ ವಂಚನೆಯ ಆಶಯಗಳಿಗೆ ಮೀಸಲು. ಅಂದರೆ ತುಂಗಭದ್ರೆಯ ದಂಡೆಯ ರತ್ನಾಜಿಗೆ ದೊರೆತದ್ದು ಈಜಿಪ್ಟಿನ ಅಧಿಕಾರಿಯೊಬ್ಬನ ಹೆಸರಿಲ್ಲದ ಹೆಂಡತಿಯ ಗುರುತು. ಜಗತ್ತಿನ ಕಥೆಗಳನ್ನು ಹೋಲಿಸಿ ನೋಡಲು ಈ ಸಂಖ್ಯೆ ಉಪಕಾರಿ ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಗುರುತು ವಿವರಣೆಯಷ್ಟೇ ಅಲ್ಲ, ತೀರ್ಪು ಕೂಡ. ವೃದ್ಧ ಅರಸನ ಕೈಹಿಡಿದ ಎಳೆಯ ಹೆಣ್ಣಿನ ಪಾಡನ್ನು ಒಬ್ಬ ಗಾಯಕಿ ಕನಿಕರದಿಂದ ಹಾಡಿದರೂ ಆ ಹಾಡು ‘ವಂಚನೆ’ಯ ಕಪಾಟಿನಲ್ಲಿಯೇ ಕೂರುತ್ತದೆ. ರತ್ನಾಜಿಯನ್ನು ಬೇರೆ ಬಗೆಯಲ್ಲಿ ಕಂಡ ಪಾಠಗಳನ್ನು ಹುಡುಕುವ ಸಂಶೋಧಕಿಗೆ ಈ ಸೂಚಿಯಲ್ಲಿ ದಾರಿಯೇ ಇಲ್ಲ.

ಆದರೆ ದೇಸಿ ಗುರುತು ನಿಷ್ಪಕ್ಷಪಾತವಾಗಿತ್ತು ಎಂದು ಭಾವಿಸುವುದೂ ತಪ್ಪಾಗುತ್ತದೆ. ‘ಪರನಾರೀಸೋದರ’ ಎಂಬುದು ರಾಮನ ಬಿರುದು. ‘ಪರದಾರಸೋದರ ರಾಮನ ಕಥೆ’ ಎಂಬಲ್ಲಿ ಆ ಬಿರುದೇ ಕೃತಿಯ ಶೀರ್ಷಿಕೆಯಾಗಿದೆ. ಕಥೆ ಆರಂಭವಾಗುವ ಮೊದಲೇ ಕೇಳುಗನಿಗೆ ನಾಯಕನ ಶೀಲದ ಪ್ರಮಾಣಪತ್ರ ಸಿಕ್ಕಿರುತ್ತದೆ. ರತ್ನಾಜಿ ಬಾಯಿ ತೆರೆಯುವ ಮುನ್ನವೇ ಸುಳ್ಳಾಗಿದ್ದಾಳೆ. ಚಲನಚಿತ್ರದ ‘ಗಂಡುಗಲಿ’ ಎಂಬ ವಿಶೇಷಣ ಒತ್ತನ್ನು ಶೀಲದಿಂದ ಶೌರ್ಯಕ್ಕೆ ಸರಿಸಿತು. ಮಲತಾಯಿಯ ಕಥೆ ಯುದ್ಧದ ಕಥೆಗೆ ಪೀಠಿಕೆಯಾಗಿ ಹಿಂದೆ ಸರಿಯಿತು. ಒಂದೇ ಕಥೆಗೆ ಎರಡು ಕಾಲಗಳು ಕೊಟ್ಟ ಈ ಎರಡು ಗುರುತುಗಳು, ಆಯಾ ಕಾಲ ಯಾವುದನ್ನು ಕೇಳಬಯಸಿತು ಎಂಬುದನ್ನು ಕಥೆಗಿಂತ ಸ್ಪಷ್ಟವಾಗಿ ಹೇಳುತ್ತವೆ.

ಬಳ್ಳಾರಿ ನಗರದಲ್ಲಿಯೇ ಇದಕ್ಕೆ ಇನ್ನೊಂದು, ಬಹುಶಃ ಹೆಚ್ಚು ಬೋಧಪ್ರದವಾದ ನಿದರ್ಶನ ದೊರೆಯುತ್ತದೆ. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಬಳ್ಳಾರಿಯ ಸರಸ ವಿನೋದಿನಿ ಸಭೆಯ ಮೂಲಕ ತೆಲುಗು ರಂಗಭೂಮಿಯನ್ನು ಕಟ್ಟಿದವರು. ಅವರು ಬಳ್ಳಾರಿ ರಾಘವರ ಸೋದರಮಾವ. ಅವರು ಬರೆದ ಸಾರಂಗಧರನ ನಾಟಕ ಕುಮಾರರಾಮನ ಕಥೆಗೆ ಒಡಹುಟ್ಟು ಎನ್ನಬಹುದು. ಅಲ್ಲಿ ಚೆಂಡಿನ ಬದಲು ಪಾರಿವಾಳ, ರತ್ನಾಜಿಯ ಬದಲು ಚಿತ್ರಾಂಗಿ. ಮಲತಾಯಿಯ ಬಯಕೆ, ಸುಳ್ಳುದೂರು, ತಂದೆಯ ದುಡುಕು ಎಲ್ಲವೂ ಅವೇ. ಪರಂಪರೆಯ ಕಥೆಯಲ್ಲಿ ಕೈಕಾಲು ಕಡಿಸಿಕೊಂಡ ಸಾರಂಗಧರನಿಗೆ ಸಿದ್ಧನ ಕೃಪೆಯಿಂದ ಅಂಗಗಳು ಮರಳಿ ಬರುತ್ತವೆ. ಆಚಾರ್ಯರು ದುರಂತವನ್ನೇ ಆರಿಸಿಕೊಂಡರು. ಆದ್ದರಿಂದ ನಾಟಕಕ್ಕೆ ‘ವಿಷಾದ ಸಾರಂಗಧರ’ ಎಂದು ಹೆಸರಿಟ್ಟರು. ಅದನ್ನು ತೆಲುಗಿನ ಮೊದಲ ದುರಂತನಾಟಕವೆಂದು ಗಣಿಸುವುದುಂಟು. ಮಂಗಳದಲ್ಲಿ ಮುಗಿಯುವ ಆಟಗಳಿಗೆ ಒಗ್ಗಿಹೋಗಿದ್ದ ಪ್ರೇಕ್ಷಕರಿಗೆ ಶೀರ್ಷಿಕೆಯ ಆ ಮೊದಲ ಪದ ಒಂದು ಮುನ್ನೆಚ್ಚರಿಕೆಯೂ ಹೌದು, ಒಂದು ಒಪ್ಪಂದವೂ ಹೌದು: ಕಥೆ ನೀವು ಬಲ್ಲದ್ದೇ, ಮುಗಿಯುವ ಬಗೆ ಮಾತ್ರ ಬೇರೆ. ಅಭಿಮಾನಿ ಕಥನದ ಭಂಡಾರಗಳಲ್ಲಿ ಮೂಲಕಥೆಯಿಂದ ಕವಲೊಡೆದ ಕಥೆಗೆ ಹಾಕುವ ಗುರುತು ಮಾಡುವ ಕೆಲಸವೂ ಇದೇ. ಒಂದು ನೂರು ವರ್ಷಕ್ಕೂ ಹಿಂದೆ ಬಳ್ಳಾರಿಯ ನಾಟಕಕಾರನೊಬ್ಬನಿಗೆ ಈ ಶಿಷ್ಟಾಚಾರ ತಾನಾಗಿಯೇ ಹೊಳೆದಿತ್ತು.

ಕನ್ನಡ ಕಾವ್ಯಪರಂಪರೆಯಲ್ಲಿ ಇಂಥ ಗುರುತುಗಳು ಹೇರಳವಾಗಿವೆ, ಆದರೆ ಅವುಗಳನ್ನು ಗುರುತುಗಳೆಂದು ಓದಿದ್ದು ಕಡಿಮೆ. 941ರಲ್ಲಿ ಪಂಪ ತನ್ನ ಭಾರತಕ್ಕೆ ‘ವಿಕ್ರಮಾರ್ಜುನ ವಿಜಯ’ವೆಂದು ಹೆಸರಿಟ್ಟು, ಅರ್ಜುನನಲ್ಲಿ ಅರಿಕೇಸರಿಯನ್ನು ಸೇರಿಸಿದ್ದಾನೆಂಬುದನ್ನು ಮೊದಲೇ ತಿಳಿಸಿದನು. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ ಅವನ ಮಾರ್ಪಾಟು ಆ ಹೆಸರಿನ ಬೆಳಕಿನಲ್ಲಿ ಮಾತ್ರ ಸಹಜವೆನಿಸುತ್ತದೆ. ರನ್ನನ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರು ಇರುವುದೂ ಇದೇ ಕಾರಣಕ್ಕೆ. ಬಳ್ಳಾರಿ, ರಾಯಚೂರು ಸೀಮೆಗಳ ಊರೂರುಗಳಲ್ಲಿ ಗೋಡೆಗೆ ಅಂಟಿಸುವ ನಾಟಕದ ಭಿತ್ತಿಪತ್ರಗಳು ಈ ಜೋಡಿ ಹೆಸರಿನ ಪದ್ಧತಿಯನ್ನು ‘ಅರ್ಥಾತ್’ ಎಂಬ ಪದದಿಂದ ಉಳಿಸಿಕೊಂಡಿವೆ. ಮೊದಲ ಹೆಸರು ಕಣ್ಸೆಳೆಯಲು, ಅರ್ಥಾತ್‌ನ ಆಚೆಯದು ಕಥೆಯ ಜಾಡು ತಿಳಿಸಲು. ಅದರ ಕೆಳಗೆ ‘ಸಾಮಾಜಿಕ’, ‘ಪೌರಾಣಿಕ’, ‘ಭಕ್ತಿಪ್ರಧಾನ’ ಎಂಬ ವರ್ಗಸೂಚಕ. ಈ ಭಿತ್ತಿಪತ್ರಗಳ ಭಾಷೆಯನ್ನು ಕೀಳೆಂದು ಕಂಡ ವಿಮರ್ಶೆ, ಅವು ಓದುಗನ ಜೊತೆ ನಡೆಸುವ ಈ ಪ್ರಾಮಾಣಿಕ ವ್ಯವಹಾರವನ್ನು ಗಮನಿಸಲಿಲ್ಲ.

ದೊಡ್ಡಾಟದಲ್ಲಿ ಗುರುತನ್ನು ಬಾಯಿಂದಲೇ ಹೇಳಿಸುವ ಕ್ರಮವಿದೆ. ರಂಗಕ್ಕೆ ಬಂದ ಪ್ರತಿ ಪಾತ್ರವನ್ನೂ ಸಾರಥಿ ತಡೆದು, ಯಾರು, ಯಾವ ಊರು, ಯಾವ ವಂಶ, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಗುರುತನ್ನು ತಾನೇ ಹೇಳಿಕೊಳ್ಳಬೇಕು. ಇದು ಕೇವಲ ಕಾಲಹರಣದ ತಂತ್ರವಲ್ಲ. ನಡುರಾತ್ರಿಯಲ್ಲಿ ನೆರೆಯೂರಿನಿಂದ ಬಂದು ಕುಳಿತವನಿಗೂ ಕಥೆಯ ಎಳೆ ಸಿಗಬೇಕೆಂಬ ಔದಾರ್ಯ ಅದರಲ್ಲಿದೆ. ಮುಖ್ಯವಾದ ಸಂಗತಿ ಎಂದರೆ, ಇಲ್ಲಿ ಖಳನೂ ತನ್ನನ್ನು ತನ್ನ ಮಾತಿನಲ್ಲಿಯೇ ಪರಿಚಯಿಸಿಕೊಳ್ಳುತ್ತಾನೆ. ಸಾರಥಿ ಪ್ರಶ್ನೆ ಕೇಳಬಹುದು, ಗೇಲಿಯನ್ನೂ ಮಾಡಬಹುದು, ಆದರೆ ಉತ್ತರವನ್ನು ತಾನೇ ಬರೆದುಕೊಳ್ಳುವಂತಿಲ್ಲ. ಥಾಮ್ಸನ್ನನ ಸೂಚಿಗೂ ಸಾರಥಿಯ ಪ್ರಶ್ನೆಗೂ ಇರುವ ಅಂತರ ಇದೇ.

ಗುರುತು ಕಥೆಯ ಕುತೂಹಲವನ್ನು ಕೆಡಿಸುತ್ತದೆ ಎಂಬ ಆಕ್ಷೇಪವೊಂದಿದೆ. ನಾಯಕ ಸಾಯುತ್ತಾನೆಂದು ಮೊದಲೇ ಹೇಳಿದರೆ ಓದುವುದೇಕೆ ಎಂಬುದು ಅದರ ತಿರುಳು. ಕನ್ನಡದ ಷಟ್ಪದಿ ಕಾವ್ಯಗಳನ್ನು ಬಲ್ಲವರಿಗೆ ಈ ಆಕ್ಷೇಪ ವಿಚಿತ್ರವಾಗಿ ಕಾಣಬೇಕು. ಕುಮಾರವ್ಯಾಸನಲ್ಲಿ ಪ್ರತಿ ಸಂಧಿಯೂ ‘ಸೂಚನೆ’ಯ ಪದ್ಯದಿಂದ ಆರಂಭವಾಗುತ್ತದೆ. ಆ ಸಂಧಿಯಲ್ಲಿ ಏನು ನಡೆಯಲಿದೆ, ಯಾರು ಸೋಲಲಿದ್ದಾರೆ ಎಂಬುದನ್ನು ಅದು ಮೊದಲೇ ಬಿಟ್ಟುಕೊಡುತ್ತದೆ. ಗಮಕಿ ಅದನ್ನು ವಾಚಿಸಿದ ಮೇಲೂ ಕೇಳುಗರು ಎದ್ದುಹೋಗಲಿಲ್ಲ. ಏನಾಯಿತು ಎಂಬುದಕ್ಕಿಂತ ಹೇಗಾಯಿತು ಎಂಬುದರಲ್ಲಿ ರಸವಿದೆಯೆಂದು ನಂಬಿದ ಪರಂಪರೆಗೆ ಮುನ್ಸೂಚನೆ ಒಂದು ತೊಡಕಲ್ಲ. ಎಲ್ಲರೂ ಬಲ್ಲ ಕಥೆಯನ್ನೇ ಮತ್ತೆ ಬರೆಯುವ ಅಭಿಮಾನಿ ಕಥನದ ಓದುಗರೂ ಇದೇ ಪರಂಪರೆಗೆ, ತಮಗೆ ಅರಿವಿಲ್ಲದೆಯೇ, ಸೇರಿದವರು.

ಗುರುತನ್ನು ಯಾರು ಕೊಡಬಹುದು ಎಂಬ ಪ್ರಶ್ನೆಗೆ ಅಂಕಿತದ ಚರಿತ್ರೆಯಲ್ಲಿ ಎರಡು ಉತ್ತರಗಳಿವೆ. ತುಂಗಭದ್ರೆಯ ಆಚೆ, ರಾಯಚೂರು ಸೀಮೆಯ ದಾಸಪರಂಪರೆಯಲ್ಲಿ ಅಂಕಿತ ಗುರುವಿನಿಂದ ಬರಬೇಕು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬಲ್ಲಿ ‘ವಿಠಲ’ ಬಳಗದ ಗುರುತು, ಮೊದಲ ಪದ ವ್ಯಕ್ತಿಯ ಗುರುತು. ಗಣಕದಲ್ಲಿ ‘ವಿಠಲ’ ಎಂದು ಹುಡುಕಿದರೆ ಇಡೀ ಪರಂಪರೆ ಎದ್ದುಬರುತ್ತದೆ, ಪೂರ್ಣ ಅಂಕಿತದಿಂದ ಒಬ್ಬ ದಾಸ ಬೇರ್ಪಡುತ್ತಾನೆ. ಯಾವ ಗ್ರಂಥಾಲಯ ವಿಜ್ಞಾನಿಯೂ ಇದಕ್ಕಿಂತ ಅಚ್ಚುಕಟ್ಟಾದ ಶ್ರೇಣಿಯನ್ನು ರೂಪಿಸಲಾರ. ವಚನಗಳಲ್ಲಿಯಾದರೋ ಅಂಕಿತವೇ ಕರ್ತೃತ್ವಕ್ಕೆ ಮುಖ್ಯ ಆಧಾರ. ಸರ್ಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ‘ವಚನ ಸಂಚಯ’ ಯೋಜನೆ ಪದಪದವಾಗಿ ಹುಡುಕಲು ಬರುವಂತೆ ಮಾಡಿದಾಗ, ಅಂಕಿತದ ಈ ಬೆಲೆ ಸಾಮಾನ್ಯ ಓದುಗನಿಗೂ ಕಾಣಿಸಿತು. ಅಂಕಿತವನ್ನು ಮತ್ತೊಬ್ಬರು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ನಾಡು ಕಂಡಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬುದರ ಸ್ಥಾನದಲ್ಲಿ ‘ಲಿಂಗದೇವ’ ಎಂದು ಬಳಸಿದಾಗ 1998ರಲ್ಲಿ ಸರ್ಕಾರ ಆ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2017ರಲ್ಲಿ ಮುಟ್ಟುಗೋಲು ಎತ್ತಿಹಿಡಿಯಲ್ಪಟ್ಟಿತು. ಧಾರ್ಮಿಕ ವಾಗ್ವಾದವನ್ನು ಬದಿಗಿಟ್ಟು ಪಠ್ಯದ ದೃಷ್ಟಿಯಿಂದ ನೋಡಿದರೂ ತೊಡಕು ನಿಜವಾದುದೇ. ಅಂಕಿತ ಕಳಚಿದ ವಚನ ಶೋಧದಲ್ಲಿ ತನ್ನ ಕರ್ತೃವಿನಿಂದಲೂ ಕಳಚಿಕೊಳ್ಳುತ್ತದೆ. ಪುಸ್ತಕಕ್ಕೆ ಸರ್ಕಾರ ಕೈಹಾಕಬೇಕಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಪದ ಬದಲಿಸದೆ, ತನ್ನ ಅರ್ಥವನ್ನು ಪಕ್ಕದಲ್ಲಿ ಜೋಡಿಸುವ ಮಧ್ಯದ ದಾರಿಯೊಂದು ಇದೆಯೆಂಬುದನ್ನು ಮಾತ್ರ ಮೇಲೆ ಹೇಳಿದ ಸ್ವಯಂಸೇವಕರ ಕ್ರಮ ತೋರಿಸುತ್ತದೆ.

ಅಂಕಿತವಿಲ್ಲದ ಪಠ್ಯಗಳ ಗತಿ ಇನ್ನೂ ಕಷ್ಟದ್ದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಕನ್ನಡ ಸಂಶೋಧನೆಗೆ ಹಾಕಿಕೊಟ್ಟ ಅಡಿಪಾಯವನ್ನು ಯಾರೂ ಅಲುಗಿಸಲಾರರು. ಆದರೆ ಅದರ ಜರಡಿ ಕವಿಯ ಹೆಸರು ಮತ್ತು ಕಾಲ. ನಂಜುಂಡ ಅದರಲ್ಲಿ ನಿಲ್ಲುತ್ತಾನೆ. ಬುಡ್ಗಜಂಗಮ ಗಾಯಕಿ ಜಾರಿಹೋಗುತ್ತಾಳೆ. ಅಕ್ಷರ ಬಾರದ ಈರಮ್ಮನವರು ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದ ಹಾಡಬಲ್ಲವರಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಅವರಿಗೆ ಸಂದಿತ್ತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅವರ ಹಾಡುಗಳನ್ನು ಎಲ್ಲಿ ಹುಡುಕಬೇಕು? ಸಮುದಾಯದ ಹೆಸರಿನಡಿಯೋ, ಬುರ್ರಕಥೆ ಎಂಬ ಪ್ರಕಾರದಡಿಯೋ, ಕಥಾನಾಯಕನ ಹೆಸರಿನಡಿಯೋ? ಮೊದಲೆರಡರಲ್ಲಿ ಸಿಕ್ಕಿ ಮೂರನೆಯದರಲ್ಲಿ ಸಿಗದಿದ್ದರೆ, ನಂಜುಂಡನ ಕಾವ್ಯದ ಪಕ್ಕದಲ್ಲಿ ಆಕೆಯ ಹಾಡನ್ನು ಇಟ್ಟು ನೋಡುವ ಅವಕಾಶವೇ ತಪ್ಪುತ್ತದೆ. ಆಗ ಒಂದು ‘ಸಾಹಿತ್ಯ’ವಾಗಿಯೂ ಇನ್ನೊಂದು ‘ಸಾಮಗ್ರಿ’ಯಾಗಿಯೂ ಉಳಿಯುತ್ತದೆ. ಜಾತಿಯನ್ನು ಗುರುತಾಗಿ ಬಳಸುವ ಜಾನಪದ ಸಂಗ್ರಹಗಳ ಅಭ್ಯಾಸ, ಶಿಷ್ಟಕವಿಗೆ ಕೃತಿಯ ಗುರುತನ್ನೂ ಹಾಡುಗಾರ್ತಿಗೆ ಹುಟ್ಟಿನ ಗುರುತನ್ನೂ ಹಂಚಿದೆ. ಇದನ್ನು ಕಟುವಾಗಿಯೇ ಹೇಳಬೇಕಾಗಿದೆ.

ಭಾಷೆಯ ಜರಡಿಯೂ ಇಷ್ಟೇ ಅಪಾಯಕಾರಿ. 1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಒಡೆದಾಗ ಸಿರುಗುಪ್ಪ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕಥೆಗಳು ಈ ಗೆರೆಯನ್ನು ಒಪ್ಪಿಕೊಳ್ಳಲಿಲ್ಲ. ಬುಡ್ಗಜಂಗಮರ ಮನೆಮಾತು ತೆಲುಗು, ಹಾಡು ಕನ್ನಡ. ‘ವಿಷಾದ ಸಾರಂಗಧರ’ದ ಭಾಷೆ ತೆಲುಗು, ಅದರ ಊರು ಬಳ್ಳಾರಿ. ‘ಕನ್ನಡ’ ಎಂಬ ಒಂದೇ ಗುಂಡಿಯನ್ನು ಒತ್ತಿ ಸೋಸಿದವನಿಗೆ ಕುಮಾರರಾಮ ಸಿಗುತ್ತಾನೆ, ಅವನ ಒಡಹುಟ್ಟಾದ ಸಾರಂಗಧರ ಸಿಗುವುದಿಲ್ಲ. ಸಿರುಗುಪ್ಪದಂಥ ಗಡಿತಾಲ್ಲೂಕಿನಲ್ಲಿ ಒಂದು ಪಠ್ಯಕ್ಕೆ ಎರಡು ಭಾಷೆಯ ಗುರುತುಗಳನ್ನು ಕಟ್ಟಲು ಹಿಂಜರಿಯುವ ಸೂಚಿ, ಆ ತಾಲ್ಲೂಕಿನ ಬದುಕನ್ನೇ ತಪ್ಪಾಗಿ ದಾಖಲಿಸುತ್ತದೆ.

ಅಭಿಮಾನಿ ಕಥನದ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತರಬೇಕೆಂದು ಇದರ ಅರ್ಥವಲ್ಲ. ಅಲ್ಲಿಯೂ ದೋಷಗಳಿವೆ. ಗುರುತುಗಳ ಸುರಿಮಳೆಯಿಂದ ಬೇಸತ್ತು ಒಂದು ಕಥೆಗೆ 75 ಗುರುತುಗಳ ಮಿತಿಯನ್ನು ಹಾಕಬೇಕಾಯಿತು. ಓದುಗರ ಇಷ್ಟಾನಿಷ್ಟಗಳೇ ಜರಡಿಯಾದಾಗ, ಇಷ್ಟವಾದುದರ ಆಚೆಗಿನದು ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆಯೂ ಇದೆ. ರತ್ನಾಜಿಯ ಹೆಸರನ್ನೂ ರಾಮನ ಹೆಸರನ್ನೂ ಓರೆಗೆರೆಯಿಂದ ಜೋಡಿಸಬೇಕೇ, ‘ಮತ್ತು’ ಎಂಬುದರಿಂದ ಜೋಡಿಸಬೇಕೇ ಎಂದು ಕೇಳಿದರೆ ಆ ವ್ಯವಸ್ಥೆ ತಡವರಿಸುತ್ತದೆ. ಒಂದು ಕಡೆಯ ಬಯಕೆ ಪ್ರಣಯವಲ್ಲ, ತಾಯಿ-ಮಗ ಎಂಬ ಸಂಬಂಧ ಅಲ್ಲಿ ಉಳಿದಿಲ್ಲ. ಕಥೆಯ ಬಿಕ್ಕಟ್ಟು ಇರುವುದೇ ಈ ಎರಡು ಚಿಹ್ನೆಗಳ ನಡುವೆ. ಅಲ್ಲದೆ ಗುರುತು ಬೇಕಾಗುವುದು ಅಪರಿಚಿತನಿಗೆ. ಬಯಲಾಟ ನೋಡಲು ಕುಳಿತ ಊರವರಿಗೆ ರಾಮ ಸಾಯುವನೆಂದು ಯಾರೂ ಹೇಳಬೇಕಾಗಿಲ್ಲ. ಆ ಆಟದ ಧ್ವನಿಮುದ್ರಿಕೆ ಗ್ರಂಥಾಲಯದ ಕಪಾಟಿಗೆ ಬಂದ ಕ್ಷಣದಿಂದ ಅದರ ಕೇಳುಗರೆಲ್ಲ ಅಪರಿಚಿತರೇ ಆಗುತ್ತಾರೆ. ದಾಖಲಾತಿಯ ಹೊಣೆ ಆಗಲೇ ಆರಂಭವಾಗುತ್ತದೆ.

ಆ ಹೊಣೆಯ ಮೊದಲ ಮೆಟ್ಟಿಲು ತೀರ ಸಾಮಾನ್ಯವಾದುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಸಂಗ್ರಹಗಳು ಯೂನಿಕೋಡಿಗೆ ಬದಲಾಗದ ಹೊರತು ಯಾವ ಜರಡಿಗೂ ಸಿಗುವುದಿಲ್ಲ. ಬದಲಾದ ಮೇಲೂ ‘ಸಿರುಗುಪ್ಪ’ ಎಂದು ಹುಡುಕಿದವನಿಗೆ ‘ಸಿರಗುಪ್ಪ’, ‘ಸಿರುಗುಪ್ಪೆ’ ಎಂದು ಬರೆದ ಪುಟಗಳು ಕಾಣುವುದಿಲ್ಲ. ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರವರೆಗೆ ‘ಬೆಲ್ಲಾರಿ’ ಎಂದಿದ್ದ ಜಿಲ್ಲೆಯ ಕಾಗುಣಿತ ಅಂದಿನಿಂದ ‘ಬಳ್ಳಾರಿ’ ಎಂದಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಂಪಿ, ಹೊಸಪೇಟೆಗಳ ವಿಳಾಸವೂ ಬದಲಾಯಿತು. ಹಳೆಯ ಸಂಗ್ರಾಹಕ ತನ್ನ ಪುಟದ ಮೇಲೆ ಬರೆದ ಊರಿನ ಹೆಸರನ್ನು ತಿದ್ದದೆ, ಹಿಂದಿನ ಎಲ್ಲ ರೂಪಗಳನ್ನೂ ಇಂದಿನ ರೂಪಕ್ಕೆ ತೆರೆಯ ಮರೆಯಲ್ಲಿ ಜೋಡಿಸಿಡುವ ಪಟ್ಟಿಯೊಂದು ಬೇಕು. ಹಾಗೆಯೇ ರಾಮನಾಥ, ಕುಮಾರರಾಮ, ಪರನಾರೀಸೋದರ, ಗಂಡುಗಲಿ ಎಂಬ ಹೆಸರುಗಳ ಜೊತೆಗೆ ರತ್ನಾಜಿಗೂ ಆ ಪಟ್ಟಿಯಲ್ಲಿ ಆಕೆಯದೇ ಹೆಸರಿನ ಒಂದು ಸಾಲು ಬೇಕು.